ಕೌದಿಯ ಅಂಚು: ಯಾವ ಹೊಲಿಗೆ ಜಾಸ್ತಿ ದಿನ ಬಾಳುತ್ತದೆ?

ನಮ್ಮ ಮನೆಯ ಟ್ರಂಕಿನಲ್ಲಿ ಎರಡು ಕೌದಿಗಳಿವೆ. ಎರಡನ್ನೂ ಹೊಲಿದವರು ನಮ್ಮ ದೊಡ್ಡವ್ವ. ಒಂದೇ ಬೇಸಿಗೆಯಲ್ಲಿ, ಹೆಚ್ಚುಕಡಿಮೆ ಒಂದೇ ಗಂಟಿನ ಹಳೆ ಸೀರೆಗಳಿಂದ ಹೊಲಿದದ್ದು. ಎರಡನ್ನೂ ವರ್ಷಗಟ್ಟಲೆ ಹೊದ್ದಿದ್ದೇವೆ, ಕಲ್ಲಿನ ಮೇಲೆ ಒಗೆದಿದ್ದೇವೆ. ಹೋದ ತಿಂಗಳು ಅವನ್ನು ಬಿಸಿಲಿಗೆ ಹಾಕುವಾಗ ಅಂಚನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ.

ಮೊದಲನೆಯದರ ಅಂಚು ಹಿಂಬದಿ ಸೀರೆಯನ್ನೇ ಮುಂದಕ್ಕೆ ಮಡಚಿ ಹೊಲಿದದ್ದು. ಹೊದ್ದಾಗ ಮುಖಕ್ಕೆ ಬರುವ ಬದಿಯಲ್ಲಿ, ಮಡಿಕೆಯ ನೆತ್ತಿಯ ಮೇಲೆ, ಗೇಣುದ್ದದ ಒಂದು ಸೀಳು. ಬ್ಲೇಡಿನಿಂದ ಕೊಯ್ದ ಹಾಗೆ ನೇರವಾಗಿದೆ. ಒಳಗಿನ ಬಿಳಿ ಧೋತರದ ಪದರ ಹೊರಗೆ ಇಣುಕುತ್ತಿದೆ, ಅದರ ಎಳೆಗಳೂ ಬಿಚ್ಚಿಕೊಳ್ಳುತ್ತಿವೆ. ಎರಡನೆಯದಕ್ಕೆ ಬೇರೆ ಬಟ್ಟೆಯ ಕ್ರಾಸ್ ಪಟ್ಟಿ, ಅಂದರೆ ಓರೆಯಾಗಿ ಕತ್ತರಿಸಿದ ಪಟ್ಟಿ, ಕೊಟ್ಟಿದ್ದಾರೆ. ಅದರ ಬಣ್ಣ ಹೋಗಿದೆ, ಮೈಯೆಲ್ಲ ಜುಂಗು ಎದ್ದಿದೆ. ಆದರೆ ಎಲ್ಲೂ ಬಾಯಿ ಬಿಟ್ಟಿಲ್ಲ.

ಕೌದಿ ಹೊಲಿಯಲು ಕಲಿಯುತ್ತಿರುವವರು ನನ್ನನ್ನು ಜಾಸ್ತಿ ಕೇಳುವುದು ಬಣ್ಣ ಜೋಡಿಸುವುದರ ಬಗ್ಗೆ. ಅಂಚಿನ ಬಗ್ಗೆ ಕೇಳುವವರು ಕಡಿಮೆ. ಆದರೆ ಕೌದಿ ಹಾಳಾಗುವುದು ಬಹಳ ಸಲ ಅಂಚಿನಿಂದಲೇ. ಎಳೆದುಕೊಳ್ಳುವುದು ಅಂಚು ಹಿಡಿದು, ಒಗೆದು ಹಿಂಡುವುದು ಅಂಚು ಹಿಡಿದು, ಹಗ್ಗದ ಮೇಲೆ ಭಾರ ಬೀಳುವುದೂ ಅಂಚಿನ ಹತ್ತಿರವೇ. ನೀರು ಕುಡಿದ ಕೌದಿ ಎಷ್ಟು ಭಾರ ಅಂತ ಒಗೆದವರಿಗೇ ಗೊತ್ತು, ಅಲ್ವಾ?

ನಾನು ಚಿಕ್ಕವಳಿದ್ದಾಗ ದೊಡ್ಡವ್ವ ಒಂದು ಮಾತು ಹೇಳಿದ್ದರು: "ಅಂಚ ಸವದ್ರ ಬದಲಿ ಮಾಡಬಹುದವಾ, ಒಡಲ ಸವದ್ರ ಏನ್ ಮಾಡ್ತಿ?" ಅಂಚು ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ. ಇದು ಎಷ್ಟು ದಿನ ಬಾಳುತ್ತದೆ ಅನ್ನುವುದು ಒಂದು ಪ್ರಶ್ನೆ. ಸವೆದ ದಿನ ಇದನ್ನು ಬಿಚ್ಚಿ ಬೇರೆ ಹಾಕಲು ಬರುತ್ತದಾ ಅನ್ನುವುದು ಇನ್ನೊಂದು. ಎರಡಕ್ಕೂ ಒಳ್ಳೆ ಉತ್ತರ ಕೊಡುವ ಅಂಚುಗಳು ಜಾಸ್ತಿ ಇಲ್ಲ.

ಹಿಂಬದಿ ಬಟ್ಟೆ ಮಡಚುವ ಅಂಚು

ಎಲ್ಲಕ್ಕಿಂತ ಸುಲಭ ಇದು. ಕೆಳಗಿನ ಬಟ್ಟೆಯನ್ನು ನಾಲ್ಕೂ ಕಡೆ ಎರಡು ಇಂಚು ಜಾಸ್ತಿ ಬಿಟ್ಟುಕೊಂಡು, ಎರಡು ಮಡಿಕೆ ಮಾಡಿ, ಮೇಲಕ್ಕೆ ತಂದು ಹೊಲಿಯುವುದು. ಬೇರೆ ಬಟ್ಟೆ ಬೇಡ, ಪಟ್ಟಿ ಕತ್ತರಿಸಿ ಜೋಡಿಸುವ ಕೆಲಸವಿಲ್ಲ. ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ತೊಂದರೆ ಎರಡು. ಹೊರ ಅಂಚಿಗೆ ಸುತ್ತಿಕೊಳ್ಳುವುದು ಒಂದೇ ಪದರ ಬಟ್ಟೆ. ಅದೂ ಬಹುತೇಕ ಹಳೆ ಸೀರೆ, ಆಗಲೇ ಅರ್ಧ ಆಯುಸ್ಸು ಕಳೆದದ್ದು. ಎರಡನೆಯದು ಇನ್ನೂ ದೊಡ್ಡದು. ಅಂಚು ಸವೆದರೆ ಸವೆಯುವುದು ಕೌದಿಯ ಹಿಂಬದಿ ಬಟ್ಟೆಯೇ. ಬದಲಿಸೋಣ ಅಂದರೆ ಹಿಂಬದಿ ಪೂರ್ತಿ ಬಿಚ್ಚಬೇಕು. ನಮ್ಮ ಮೊದಲ ಕೌದಿಗೆ ಆಗಿರುವುದು ಇದೇ. ಈಗ ಅದಕ್ಕೆ ಉಳಿದಿರುವ ದಾರಿ ಒಂದೇ: ಸವೆದ ಅಂಚನ್ನು ಅರ್ಧ ಇಂಚು ಕತ್ತರಿಸಿ ತೆಗೆದು, ಅದರ ಮೇಲೆ ಹೊಸ ಪಟ್ಟಿ ಕೊಡುವುದು. ಗೋಡೆಗೆ ಹಾಕುವ ಕೌದಿಗೆ, ವರ್ಷಕ್ಕೆ ಒಂದೆರಡು ಸಲ ಒಗೆಯುವ ದೀವಾನದ ಹಾಸುಬಟ್ಟೆಗೆ ಈ ಅಂಚು ಸಾಕು. ದಿನಾ ಹೊದೆಯುವುದಕ್ಕೆ ನಾನು ಹಾಕುವುದಿಲ್ಲ.

ಇದರ ಜೊತೆಗೇ ದಿಂಬಿನ ಚೀಲದ ರೀತಿಯನ್ನೂ ಹೇಳಿಬಿಡುತ್ತೇನೆ. ಬಟ್ಟೆಗಳನ್ನು ಒಳಮುಖ ಮಾಡಿ ಸುತ್ತ ಹೊಲಿದು, ಸ್ವಲ್ಪ ಜಾಗ ಬಿಟ್ಟು, ಅಲ್ಲಿಂದ ಒಳಗಿನದನ್ನು ಹೊರಗೆ ತಿರುಗಿಸುವುದು. ನೋಡಲು ಅಚ್ಚುಕಟ್ಟು. ಆದರೆ ಬಟ್ಟೆ ಸೇರುವ ಗೆರೆಯೇ ಹೊರ ಅಂಚಾಗುತ್ತದೆ, ಉಜ್ಜಾಟವೆಲ್ಲ ಅದರ ಮೇಲೆ ಬೀಳುತ್ತದೆ. ಟೇಬಲ್ ಮ್ಯಾಟಿಗೆ, ಗೋಡೆಗೆ ಹಾಕುವುದಕ್ಕೆ ಚೆನ್ನ. ಓವರ್‌ಲಾಕ್ ಮಾಡಿ ಬಿಡುವುದಂತೂ ಅಂಚೇ ಅಲ್ಲ. ಅದು ಎಳೆ ಬಿಚ್ಚದಂತೆ ತಡೆಯುತ್ತದೆ, ಅಷ್ಟೇ.

ಸಿದ್ದಿ ಹೆಂಗಸರ ಕವಂದಿ

ಪಟ್ಟಿಯೇ ಇಲ್ಲದೆ ಗಟ್ಟಿ ಅಂಚು ಮಾಡುವ ವಿದ್ಯೆ ನಮ್ಮ ನಾಡಿನಲ್ಲೇ ಇದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿ, ಅಂದರೆ ಅವರ ಕೌದಿ, ನೋಡಿ. ನಾವು ನಡು ಹೊಲಿದು ಕೊನೆಗೆ ಅಂಚಿಗೆ ಬರುತ್ತೇವೆ. ಅವರು ಅಂಚಿನಿಂದಲೇ ಶುರು ಮಾಡುತ್ತಾರೆ. ಕೆಳಗೆ ಒಂದು ಸೀರೆ ಹಾಸಿ, ಅದರ ಅಂಚನ್ನು ಒಳಕ್ಕೆ ಮಡಚಿ, ಮೇಲಿನ ತುಂಡಿನ ಅಂಚನ್ನೂ ಒಳಕ್ಕೆ ಮಡಚಿ, ಎರಡನ್ನೂ ಎದುರುಬದುರು ಕೂಡಿಸಿ ಹೊಲಿಯುತ್ತಾರೆ. ಆಮೇಲೆ ಸುತ್ತ ಸುತ್ತುತ್ತಾ, ಒಂದೊಂದೇ ತುಂಡು ಸೇರಿಸುತ್ತಾ, ಸಾಲು ಸಾಲು ಹೊಲಿಗೆ ಹಾಕುತ್ತಾ ನಡುವಿಗೆ ಬಂದು ಮುಗಿಸುತ್ತಾರೆ.

ಇದು ಯಾಕೆ ಬಾಳುತ್ತದೆ? ಅಂಚಿನಲ್ಲಿ ಬಟ್ಟೆ ಮಡಿಕೆ ಮಡಿಕೆಯಾಗಿ ಇರುತ್ತದೆ. ಹೊಲಿಗೆಯ ಮೊದಲ ಸಾಲು ಅಂಚಿಗೆ ಹತ್ತಿರದಲ್ಲೇ ಓಡುತ್ತದೆ, ಅದರ ಬೆನ್ನಿಗೇ ಎರಡನೆಯದು, ಮೂರನೆಯದು. ಒಂದು ಸಾಲು ಕಿತ್ತರೂ ಪಕ್ಕದ ಸಾಲು ಹಿಡಿದುಕೊಳ್ಳುತ್ತದೆ. ನಾಲ್ಕು ಮೂಲೆಗೆ ತ್ರಿಕೋನವಾಗಿ ಮಡಚಿದ ಬಣ್ಣದ ತುಂಡುಗಳನ್ನು ಸೇರಿಸುತ್ತಾರೆ. ಅದಕ್ಕೆ ಫುಲಾ ಅನ್ನುತ್ತಾರೆ, ಹೂವು ಅಂತ ಅರ್ಥ. ಫುಲಾ ಇಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ ಇದ್ದ ಹಾಗೆ.

ಹಳೆ ಹತ್ತಿ ಸೀರೆಗಳಿಂದ ಕೈಯಲ್ಲೇ ಹೊಲಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಹೊಸ ಬಟ್ಟೆಗೆ ಒಂದು ರೂಪಾಯಿ ಖರ್ಚಿಲ್ಲ. ಆದರೆ ಮೊದಲೇ ನಿರ್ಧಾರ ಮಾಡಿರಬೇಕು. ನಡು ಹೊಲಿದಾದ ಮೇಲೆ ಈ ಅಂಚಿಗೆ ಬರಲು ಆಗುವುದಿಲ್ಲ. ಮೆಷಿನ್ನಿನಲ್ಲಿ ಕೂಡಿಸಿದ ಕೌದಿಗೂ, ಒಳಗೆ ದಪ್ಪ ಹತ್ತಿ ಹಾಳೆ ಹಾಕಿದ್ದಕ್ಕೂ ಇದು ಅಷ್ಟಾಗಿ ಒಗ್ಗುವುದಿಲ್ಲ.

ನೇರ ಪಟ್ಟಿಯೋ ಕ್ರಾಸ್ ಪಟ್ಟಿಯೋ

ಬೇರೆ ಬಟ್ಟೆಯ ಪಟ್ಟಿ ಕೊಡುತ್ತೇವೆ ಅಂತಾದರೆ ಮುಖ್ಯ ಆಯ್ಕೆ ಇದು. ಬಟ್ಟೆಯ ಹಾಸು (ಉದ್ದ ಎಳೆ) ಅಥವಾ ಹೊಕ್ಕಿನ (ಅಡ್ಡ ಎಳೆ) ನೇರಕ್ಕೆ ಕತ್ತರಿಸಿದರೆ ನೇರ ಪಟ್ಟಿ. ಟೇಲರುಗಳು ಕುತ್ತಿಗೆಗೆ ಕೊಡುವ ಹಾಗೆ 45 ಡಿಗ್ರಿ ಓರೆಯಾಗಿ ಕತ್ತರಿಸಿದರೆ ಕ್ರಾಸ್ ಪಟ್ಟಿ.

ಒಂದು ತುಂಡು ಪಾಪ್ಲಿನ್ ತೆಗೆದುಕೊಳ್ಳಿ. ಎಳೆಯ ನೇರಕ್ಕೆ ಮಡಚಿ, ಮಡಿಕೆಯ ನೆತ್ತಿಯನ್ನು ಹತ್ತಿರದಿಂದ ನೋಡಿ. ನೆತ್ತಿಯ ಮೇಲೆ ಉದ್ದಕ್ಕೂ ಅದೇ ಒಂದೆರಡು ಎಳೆಗಳು ಮಲಗಿರುತ್ತವೆ. ಅವನ್ನು ದಾಟಿ ಹೋಗುವ ಅಡ್ಡ ಎಳೆಗಳೂ ಅದೇ ಗೆರೆಯಲ್ಲಿ ಬಾಗುತ್ತವೆ. ಉಜ್ಜಾಟವೆಲ್ಲ ಆ ಒಂದೇ ಗೆರೆಗೆ. ಒಂದು ಕಡೆ ಹರಿದರೆ ಸೀಳು ಆ ಎಳೆಯ ಗುಂಟ ಓಡುತ್ತದೆ. ನಮ್ಮ ಮೊದಲ ಕೌದಿಯ ಸೀಳು ಅಷ್ಟು ನೇರವಾಗಿ ಇರುವುದಕ್ಕೆ ಕಾರಣ ಇದು. ಈಗ ಅದೇ ತುಂಡನ್ನು ಓರೆಯಾಗಿ ಮಡಚಿ. ಯಾವ ಎಳೆಯೂ ನೆತ್ತಿಯ ಮೇಲೆ ಉದ್ದಕ್ಕೆ ಮಲಗಿಲ್ಲ. ಎಲ್ಲವೂ ಓರೆಯಾಗಿ ದಾಟಿ ಹೋಗುತ್ತವೆ. ಒಂದು ಎಳೆ ಸವೆದರೆ ಒಂದು ಚುಕ್ಕೆಯಷ್ಟು ಜಾಗ ಸವೆಯುತ್ತದೆ. ಪಕ್ಕದ ಎಳೆ ಇನ್ನೂ ಗಟ್ಟಿಯಾಗಿರುತ್ತದೆ. ಅದಕ್ಕೇ ಕ್ರಾಸ್ ಅಂಚು ಜುಂಗು ಏಳುತ್ತದೆ, ಆದರೆ ಬೇಗ ಸೀಳುವುದಿಲ್ಲ.

ಕ್ರಾಸ್ ಪಟ್ಟಿ ಬಾಗುತ್ತದೆ ಕೂಡ. ಮೂಲೆ ದುಂಡಗೆ ಇದ್ದರೆ, ಅಂಚು ಅಲೆ ಅಲೆಯಾಗಿದ್ದರೆ ಅದನ್ನು ಬಿಟ್ಟು ಬೇರೆ ದಾರಿಯೇ ಇಲ್ಲ. ನೇರ ಪಟ್ಟಿಗೂ ಅದರದ್ದೇ ಗುಣವಿದೆ. ಎಳೆದರೆ ಹಿಗ್ಗುವುದಿಲ್ಲ, ಹಾಗಾಗಿ ಹೊಸಬರ ಕೈಯಲ್ಲೂ ಅಂಚು ನೆಟ್ಟಗೆ ಕೂರುತ್ತದೆ. ಕ್ರಾಸ್ ಪಟ್ಟಿಯನ್ನು ಗೊತ್ತಿಲ್ಲದೆ ಎಳೆದು ಹೊಲಿದರೆ ಕೌದಿಯ ಅಂಚು ಸುಕ್ಕುಗಟ್ಟುತ್ತದೆ. ಇಸ್ತ್ರಿ ಮಾಡುವಾಗಲೂ ಉಜ್ಜಬಾರದು, ಪೆಟ್ಟಿಗೆಯನ್ನು ಎತ್ತಿ ಎತ್ತಿ ಇಡಬೇಕು.

ಬಟ್ಟೆ ಎಷ್ಟು ಬೇಕು? 60 ಇಂಚು ಅಗಲ, 90 ಇಂಚು ಉದ್ದದ ಕೌದಿ ಅಂದುಕೊಳ್ಳೋಣ. ಸುತ್ತಳತೆ 300 ಇಂಚು. ಮೂಲೆಗೆ, ಜೋಡಣೆಗೆ ಅಂತ 12 ಇಂಚು ಸೇರಿಸಿದರೆ 312. ಪಟ್ಟಿಯ ಅಗಲ 2.5 ಇಂಚು. 44 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ನೇರವಾಗಿ ಕತ್ತರಿಸಿದರೆ 8 ಪಟ್ಟಿ, ಅಂದರೆ 20 ಇಂಚು ಬಟ್ಟೆ. ಮುಕ್ಕಾಲು ಮೀಟರ್ ತಂದರೆ ಧಾರಾಳ. ಕ್ರಾಸ್ ಆದರೆ ಒಂದು ಮೀಟರ್ ತನ್ನಿ. ಮೂಲೆಯ ತ್ರಿಕೋನಗಳು ಉಳಿಯುತ್ತವೆ, ಅವು ಮುಂದಿನ ಕೌದಿಗೆ ತುಂಡಾಗುತ್ತವೆ. ಅಂದರೆ ಎರಡಕ್ಕೂ ಇರುವ ವ್ಯತ್ಯಾಸ ಕಾಲು ಮೀಟರ್ ಬಟ್ಟೆ, ಒಂದು ಗಂಟೆ ಕೆಲಸ. ವರ್ಷಗಟ್ಟಲೆ ಹೊದೆಯುವ ಕೌದಿಗೆ ಅಷ್ಟು ಕೊಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಒಂಟಿ ಪದರ ಬೇಡ, ಜೋಡಿ ಪದರ

ಕ್ರಾಸೋ ನೇರವೋ ಅನ್ನುವುದಕ್ಕಿಂತಲೂ ಇದು ದೊಡ್ಡದು. ಪಟ್ಟಿಯನ್ನು ಉದ್ದಕ್ಕೆ ಅರ್ಧ ಮಡಚಿ ಇಸ್ತ್ರಿ ಮಾಡಿ, ಎರಡು ಪದರ ಸೇರಿಸಿಯೇ ಕೌದಿಯ ಅಂಚಿಗೆ ಹೊಲಿದು, ಹಿಂದಕ್ಕೆ ತಿರುಗಿಸಿ ಮುಗಿಸಿದರೆ ಅಂಚಿನ ಮೇಲೆ ಎರಡು ಪದರ ಬಟ್ಟೆ ಬರುತ್ತದೆ. ಮೇಲಿನದು ಸವೆದರೂ ಒಳಗೆ ಇನ್ನೊಂದು ಇರುತ್ತದೆ. ಒಂಟಿ ಪದರದ ಪಟ್ಟಿ ತೆಳ್ಳಗೆ ಚೆಂದವಾಗಿ ಕೂರುತ್ತದೆ, ನಿಜ. ಆದರೆ ಅದು ಕುಪ್ಪಸದ ಕುತ್ತಿಗೆಗೆ ಸರಿ.

ನನ್ನ ಮಗಳಿಗೆ ಹೊಲಿದ ಪುಟ್ಟ ಕೌದಿಯ ಅಂಚನ್ನು ಸಮಯವಿಲ್ಲದೆ ಹೊರಗೆ ಒಂದು ಟೇಲರಿಂಗ್ ಅಂಗಡಿಯಲ್ಲಿ ಕೊಟ್ಟು ಮಾಡಿಸಿದ್ದೆ. ಅಂಗಡಿಯವರು ಹೊಳೆಯುವ ರೆಡಿಮೇಡ್ ಪೈಪಿಂಗ್ ಪಟ್ಟಿ ಹಾಕಿ ಕೊಟ್ಟರು. ತಂದ ದಿನ ಎಲ್ಲರೂ ಮೆಚ್ಚಿದರು. ಮೂರು ತಿಂಗಳಿಗೆ ಮೂಲೆಗಳಲ್ಲಿ ಎಳೆ ಕಿತ್ತುಬಂತು. ಒಂದು ದಿನ ಮಗು ಆ ಎಳೆಯನ್ನು ಬೆರಳಿಗೆ ಸುತ್ತಿಕೊಂಡು ಅಳುತ್ತಿತ್ತು. ಬೆರಳ ತುದಿ ಕೆಂಪಾಗಿತ್ತು. ಕತ್ತರಿಯಿಂದ ಆ ಎಳೆ ಬಿಡಿಸುವಾಗ ನನ್ನ ಕೈ ನಡುಗುತ್ತಿತ್ತು. ಅವತ್ತಿನಿಂದ ಮಕ್ಕಳ ಕೌದಿಗೆ ನಾನು ರೆಡಿಮೇಡ್ ಪಟ್ಟಿ ಮುಟ್ಟಿಲ್ಲ. ಜೊಲ್ಲುಬಟ್ಟೆಗೆ, ಅಡುಗೆಮನೆಯ ಬಿಸಿಪಾತ್ರೆ ಹಿಡಿಯುವ ಬಟ್ಟೆಗೆ ಹತ್ತಿಯ ರೆಡಿಮೇಡ್ ಪಟ್ಟಿ ನಡೆಯುತ್ತದೆ. ನುಣುಪು ಪಾಲಿಸ್ಟರ್ ಎಲ್ಲಿಗೂ ಬೇಡ.

ಪಟ್ಟಿಯ ಅಗಲಕ್ಕೆ ಒಂದು ಲೆಕ್ಕ ಇಟ್ಟುಕೊಳ್ಳಿ. ಹೊಲಿಗೆ ಅಂಚಿನಿಂದ ಎಷ್ಟು ಒಳಗೆ ಓಡುತ್ತದೋ ಅದರ ಆರು ಪಟ್ಟು, ಅದಕ್ಕೆ ಕೌದಿಯ ದಪ್ಪದ ಎರಡು ಪಟ್ಟು ಸೇರಿಸಿ. ಹೊಲಿಗೆ 3/8 ಇಂಚು ಒಳಗಿದ್ದು, ಕೌದಿ 1/8 ಇಂಚು ದಪ್ಪ ಇದ್ದರೆ 2.5 ಇಂಚು ಬರುತ್ತದೆ. ಅರ್ಧ ಇಂಚು ಒಳಗೆ ಹೊಲಿದರೆ 3.25 ಇಂಚು ಬೇಕು. ಇದಕ್ಕಿಂತ ಅಗಲ ಮಾಡಿದರೆ ಇನ್ನೂ ಗಟ್ಟಿ ಅಂದುಕೊಳ್ಳಬೇಡಿ. ಪಟ್ಟಿಯ ಒಳಗೆ ಕೌದಿಯ ಅಂಚು ತುದಿಯವರೆಗೆ ತುಂಬಿರಬೇಕು. ಬೆರಳಿನಿಂದ ಒತ್ತಿ ನೋಡಿ. ಒಳಗೆ ಪೊಳ್ಳು ಸಿಕ್ಕರೆ ಆ ಜಾಗ ಮಡಚಿಕೊಂಡು ಮಡಚಿಕೊಂಡು ಅಲ್ಲೇ ಮೊದಲು ಹರಿಯುತ್ತದೆ.

ಯಾವ ಬಟ್ಟೆ

ಒತ್ತಾಗಿ ನೇಯ್ದ ಹತ್ತಿ ಬೇಕು. ಪಾಪ್ಲಿನ್, ಕೇಂಬ್ರಿಕ್ ಎರಡೂ ಒಳ್ಳೆಯವು. ಟು ಬೈ ಟು ಬ್ಲೌಸ್ ಪೀಸು ತೆಳು, ಮಲ್ ಬಟ್ಟೆ ಇನ್ನೂ ತೆಳು. ಖಣದ ಅಂಚು ಕೊಡುವ ಆಸೆ ನನಗೂ ಇದೆ. ಗುಳೇದಗುಡ್ಡದ ಖಣದ ಅಂದ ಬೇರೆ ಯಾವುದಕ್ಕೂ ಬರುವುದಿಲ್ಲ. ಆದರೆ ಅದು ಮೆತ್ತಗೆ ನೋಡಿಕೊಳ್ಳುವ ಬಟ್ಟೆ. ಬಡಿದು ಒಗೆಯುವ ಕೌದಿಗಲ್ಲ, ಗೋಡೆಯ ಕೌದಿಗೆ ಹಾಕಿ.

ಹಳೆ ಇಳಕಲ್ ಸೀರೆಯ ಅಂಚನ್ನೇ ಕತ್ತರಿಸಿ ಕೌದಿಗೆ ಅಂಚು ಕೊಡುವವರಿದ್ದಾರೆ. ಒತ್ತು ನೇಯ್ಗೆ, ಒಂದು ಬದಿ ಎಳೆ ಬಿಚ್ಚುವುದೂ ಇಲ್ಲ. ಅಮ್ಮನ ಸೀರೆಯ ಅಂಚು ಮೈಮೇಲೆ ಇರುವ ಸುಖವೇ ಬೇರೆ, ಅದನ್ನು ನಾನು ಬೇಡ ಅನ್ನಲಾರೆ. ಒಂದೇ ಎಚ್ಚರಿಕೆ. ಸೀರೆಯ ಅಂಚಿನ ನೂಲು ಒಡಲಿನ ನೂಲಿಗಿಂತ ಬೇರೆ ಇರುವುದುಂಟು. ಒಗೆದಾಗ ಎರಡೂ ಒಂದೇ ಸಮ ಕುಗ್ಗುವುದಿಲ್ಲ, ಅಂಚು ಎಳೆದುಕೊಂಡು ಕೌದಿ ದೋಣಿಯ ಹಾಗೆ ಮೇಲೇಳುತ್ತದೆ. ಹಾಗಾಗಿ ಬಹಳ ಸಲ ಒಗೆದ ಹಳೆ ಸೀರೆಯ ಅಂಚನ್ನೇ ಆರಿಸಿ.

ಹೊಸ ಬಟ್ಟೆಯಾದರೆ ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಲೇಬೇಕು. ನೂರಕ್ಕೆ 3 ಇಂಚು ಕುಗ್ಗಿತು ಅಂದುಕೊಂಡರೂ 300 ಇಂಚಿಗೆ 9 ಇಂಚು ಆಯಿತು. ಕೆಂಪು, ಕಡು ನೀಲಿ ಬಟ್ಟೆಯನ್ನು ಒಂದು ಬಿಳಿ ಕರ್ಚೀಫಿನ ಜೊತೆ ನೆನೆಸಿ. ಕರ್ಚೀಫಿಗೆ ಬಣ್ಣ ಹತ್ತಿದರೆ ಕೌದಿಗೂ ಹತ್ತುತ್ತದೆ.

ಕೈಯೋ ಮೆಷಿನ್ನೋ

ಪಟ್ಟಿಯನ್ನು ಮುಂದೆ ಕೂಡಿಸುವ ಹೊಲಿಗೆ ಮೆಷಿನ್ನಿನದ್ದೇ ಆಗಲಿ. ಪ್ರಶ್ನೆ ಇರುವುದು ಹಿಂದೆ ತಿರುಗಿಸಿದ ಮೇಲೆ. ಕೈಯಲ್ಲಿ ಹೆಮ್ಮಿಂಗ್ ಮಾಡಿದರೆ ಹೊಲಿಗೆ ಕಾಣುವುದಿಲ್ಲ, ಅಂಚು ಮೆತ್ತಗಿರುತ್ತದೆ, ಬದಲಿಸುವ ದಿನ ಸಲೀಸಾಗಿ ಬಿಚ್ಚಬಹುದು. ಇಂಚಿಗೆ 8ರಿಂದ 10 ಹೊಲಿಗೆ ಬೀಳಬೇಕು. ಗೇಣಿಗೊಂದು ಸಲ ಒಂದೇ ಜಾಗದಲ್ಲಿ ಎರಡು ಸಲ ಚುಚ್ಚಿ ಗಂಟು ಹಾಕಿಕೊಳ್ಳಿ. ಮುಂದೆ ಯಾವಾಗಲಾದರೂ ದಾರ ಕಿತ್ತರೆ ಗೇಣಷ್ಟೇ ಬಿಚ್ಚುತ್ತದೆ, ಆಚೆಗೆ ಹೋಗುವುದಿಲ್ಲ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ದಯವಿಟ್ಟು ಬಿಡಬೇಡಿ.

ಮೆಷಿನ್ ಹೊಲಿಗೆ ಇನ್ನೂ ಗಟ್ಟಿ. ಹಾಸ್ಟೆಲಿಗೆ ಹೋಗುವ ಮಕ್ಕಳ ಕೌದಿ, ಪ್ರತಿ ವಾರ ವಾಷಿಂಗ್ ಮೆಷಿನ್ನಿಗೆ ಬೀಳುವ ಮಗುವಿನ ಕೌದಿ, ಡ್ರೈಯರಿನಲ್ಲಿ ತಿರುಗುವ ಹೊರದೇಶದ ಮಕ್ಕಳ ಕೌದಿ, ಇವಕ್ಕೆಲ್ಲ ಎರಡೂ ಬದಿ ಮೆಷಿನ್ನೇ ಸರಿ. ಹೀಗೆ ಮಾಡುವಾಗ ಪಟ್ಟಿಯನ್ನು ಮೊದಲು ಹಿಂಬದಿಗೆ ಹೊಲಿದು, ಆಮೇಲೆ ಮುಂದಕ್ಕೆ ತಿರುಗಿಸಿ ಹೊಲಿಯಿರಿ. ಕಣ್ಣಿಗೆ ಕಾಣುವ ಹೊಲಿಗೆ ಆಗ ನಿಮ್ಮ ಹಿಡಿತದಲ್ಲಿರುತ್ತದೆ. ಮನೆಯ ಕಾಲು ತುಳಿಯುವ ಮೆಷಿನ್ನಿಗೆ ದಪ್ಪ ಕೌದಿ ಕಷ್ಟವಾದರೆ 16 ನಂಬರಿನ ಸೂಜಿ ಹಾಕಿ, ಹೊಲಿಗೆ ಸ್ವಲ್ಪ ಉದ್ದ ಮಾಡಿ, ಮೂಲೆಯಲ್ಲಿ ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಮೂಲೆ

ಬಹಳ ಜನ ಮೂಲೆಯಲ್ಲೇ ಸೋಲುತ್ತಾರೆ. ಪಟ್ಟಿ ಹೊಲಿಯುತ್ತಾ ಮೂಲೆಗೆ ಬಂದಾಗ ತುದಿಯವರೆಗೆ ಹೋಗಬೇಡಿ. ಹೊಲಿಗೆ ಅಂಚಿನಿಂದ ಎಷ್ಟು ಒಳಗಿದೆಯೋ, ತುದಿಗೆ ಅಷ್ಟೇ ದೂರ ಇರುವಾಗ ನಿಲ್ಲಿಸಿ, ದಾರ ಕತ್ತರಿಸಿ. ಪಟ್ಟಿಯನ್ನು ನಿಮ್ಮಿಂದ ಆಚೆಗೆ, ಮೇಲಕ್ಕೆ ಮಡಚಿ. ಮೂಲೆಯಲ್ಲಿ ಒಂದು ಓರೆ ಗೆರೆ ಮೂಡುತ್ತದೆ. ಈಗ ಅದೇ ಪಟ್ಟಿಯನ್ನು ಕೆಳಕ್ಕೆ, ಮುಂದಿನ ಬದಿಯ ಅಂಚಿಗೆ ಸರಿಯಾಗಿ ತನ್ನಿ. ಮೇಲಿನ ಮಡಿಕೆ ಕೌದಿಯ ತುದಿಗೆ ಸಮವಾಗಿ ಕೂರಬೇಕು. ಅಲ್ಲಿಂದ ಮತ್ತೆ ಹೊಲಿಗೆ ಶುರು. ಹಿಂದಕ್ಕೆ ತಿರುಗಿಸಿದಾಗ ಮುಂದೆಯೂ ಹಿಂದೆಯೂ ಲಕೋಟೆಯ ಹಾಗೆ ಒಂದೊಂದು ಮಡಿಕೆ ಬರುತ್ತದೆ. ಆ ಮಡಿಕೆಯ ಬಾಯಿಯನ್ನು ಎರಡು ಮೂರು ಸಣ್ಣ ಹೊಲಿಗೆ ಹಾಕಿ ಮುಚ್ಚಿ. ಮುಚ್ಚದೆ ಬಿಟ್ಟರೆ ಬೆರಳು, ಕಾಲುಂಗುರ, ಬಟ್ಟೆಯ ಕ್ಲಿಪ್ಪು ಎಲ್ಲವೂ ಅಲ್ಲೇ ಸಿಕ್ಕಿಕೊಳ್ಳುತ್ತವೆ.

ನಾನು ಯಾವುದಕ್ಕೆ ಏನು ಹಾಕುತ್ತೇನೆ

ದಿನಾ ಹೊದೆಯುವ ಕೌದಿಗೆ ಜೋಡಿ ಪದರದ ಕ್ರಾಸ್ ಪಟ್ಟಿ, ಹಿಂದೆ ಕೈ ಹೆಮ್ಮಿಂಗ್. ಮಕ್ಕಳದ್ದಕ್ಕೆ ಅದೇ ಪಟ್ಟಿ, ಎರಡೂ ಕಡೆ ಮೆಷಿನ್. ಪೂರ್ತಿ ಹಳೆ ಸೀರೆಯಲ್ಲಿ ಕೈ ಹೊಲಿಗೆಯ ಕೌದಿ ಮಾಡುವಾಗ ಕವಂದಿಯ ಅಂಚು. ಮೊದಲ ಸಲ ಪಟ್ಟಿ ಕೊಡುತ್ತಿರುವವರು, ಮೂಲೆಗಳು ಚೌಕವಾಗಿದ್ದರೆ, ನೇರ ಪಟ್ಟಿಯಲ್ಲೇ ಕೈ ಕೂರಿಸಿಕೊಳ್ಳಲಿ. ಜೋಡಿ ಪದರ ಮಾತ್ರ ಬಿಡಬಾರದು. ನೇರ ಪಟ್ಟಿಯೂ ಜೋಡಿ ಪದರವಿದ್ದರೆ ಒಂಟಿ ಪದರದ ಕ್ರಾಸಿಗಿಂತ ಜಾಸ್ತಿ ಬಾಳುತ್ತದೆ ಅನ್ನುವುದು ನನ್ನ ಕೈಗೆ ಬಂದ ಅನುಭವ.

ಇನ್ನೊಂದು ಮಾತು. ಮುಖದ ಕಡೆಯ ಅಂಚು ಬೇರೆ ಮೂರು ಬದಿಗಿಂತ ಮೊದಲು ಸವೆಯುತ್ತದೆ, ಎಣ್ಣೆ ತಾಗಿ ಕಪ್ಪಾಗುವುದೂ ಅದೇ. ಅಮೆರಿಕದಲ್ಲಿ 19ನೇ ಶತಮಾನದ ಹಳೆ ಹೊದಿಕೆಗಳಲ್ಲಿ ಗಡ್ಡ ತಾಗುವ ಈ ಬದಿಗೆ ಬೇರೆ ಬಟ್ಟೆಯ ಅಗಲ ಪಟ್ಟಿ ಹೊಲಿದಿರುವುದುಂಟು. ಕೊಳೆಯಾದರೆ ಅದನ್ನಷ್ಟೇ ಬಿಚ್ಚಿ ಒಗೆಯಬಹುದು. ಅಪ್ಪನ ಕೌದಿಗೆ ನಾನೂ ಹೀಗೇ ಮಾಡಿದೆ. ಆರಿಂಚು ಅಗಲದ ಬಿಳಿ ಹತ್ತಿ ಬಟ್ಟೆ, ಉದ್ದ ಉದ್ದ ಕಚ್ಚಾ ಹೊಲಿಗೆ. ಅದನ್ನು ಎಷ್ಟೋ ಸಲ ಬಿಚ್ಚಿ ಒಗೆದು ಮತ್ತೆ ಹಾಕಿದ್ದೇನೆ. ಆ ಬಟ್ಟೆಯ ಅಡಿಗಿರುವ ಅಂಚು ಇನ್ನೂ ಹೊಸದರ ಹಾಗೇ ಇದೆ.

ಪಟ್ಟಿ ಶುರು ಮಾಡುವುದನ್ನು ಕಾಲಿನ ಬದಿಯ ನಡುವಿನಿಂದ ಮಾಡಿ, ಮೂಲೆಯಿಂದ ಬೇಡ. ಮೊದಲ 10 ಇಂಚು ಹೊಲಿಯದೆ ಬಿಟ್ಟಿರಿ. ಸುತ್ತಿ ಬಂದ ಮೇಲೆ ಎರಡು ತುದಿಗಳು ಪಟ್ಟಿಯ ಅಗಲದಷ್ಟು, ಅಂದರೆ 2.5 ಇಂಚು, ಒಂದರ ಮೇಲೊಂದು ಬರುವಂತೆ ಕತ್ತರಿಸಿ, ಓರೆಯಾಗಿ ಜೋಡಿಸಿ. ನೇರ ಜೋಡಿಸಿದರೆ ಮಡಿಕೆಗಳೆಲ್ಲ ಒಂದೇ ಜಾಗಕ್ಕೆ ಬಂದು ಗಂಟಾಗುತ್ತದೆ. ಓರೆಯಾದರೆ ದಪ್ಪ ಹಂಚಿಹೋಗುತ್ತದೆ, ಕೈಯಾಡಿಸಿದರೂ ಜೋಡಣೆ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ.

ದೊಡ್ಡವ್ವನ ಮೊದಲ ಕೌದಿಗೆ ಈಗ ಬಾಳೆಹಸಿರು ಪಾಪ್ಲಿನ್ ನೆನೆಹಾಕಿದ್ದೇನೆ. ಬಿಳಿ ಕರ್ಚೀಫಿಗೆ ಬಣ್ಣ ಹತ್ತಿಲ್ಲ. ನಾಳೆ ಓರೆ ಗೆರೆ ಎಳೆದು ಕತ್ತರಿಸುತ್ತೇನೆ.